ಚೆಂಡು ಮೇಲೇಳುವುದು, ನಿಮೋನಿಯಾ ತಪ್ಪುವುದು: ಹೃದಯದ ಆಪರೇಷನ್ ನಂತರದ ಉಸಿರಾಟದ ವ್ಯಾಯಾಮಗಳ ಒಂದು ಸಮೀಕ್ಷೆ

ಮೊಳಕಾಲ್ಮೂರಿನ ನಮ್ಮ ಸೋದರಮಾವನ ಮನೆಯಲ್ಲಿ ಮಗ್ಗದ ಪಕ್ಕದ ಗೋಡೆಗೂಡಿನಲ್ಲಿ ಲಾಳಿ, ಕಂಡಿಕೆ, ಒಂದು ಕಾಲು ಮುರಿದ ಕನ್ನಡಕದ ಜೊತೆಗೆ ಒಂದು ಪ್ಲಾಸ್ಟಿಕ್ ಸಾಮಾನು ಕೂತಿದೆ. ಅಕ್ಕಪಕ್ಕ ನಿಂತ ಮೂರು ಕೊಳವೆ, ಒಂದೊಂದರಲ್ಲಿ ಒಂದೊಂದು ಚೆಂಡು, ಬುಡದಿಂದ ಹೊರಟ ಸುಕ್ಕುಸುಕ್ಕಾದ ನಳಿಗೆ. ಬೈಪಾಸ್ ಮುಗಿಸಿ ಮನೆಗೆ ಬಂದ ವಾರ ಮಾವ ಅದನ್ನು ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದುತ್ತಿದ್ದರು. “ಇದು ಕೆಟ್ಟೋಗೈತೆ ಕಣಪ್ಪ, ಎಷ್ಟು ಊದಿದ್ರೂ ಚೆಂಡು ಮ್ಯಾಕೇಳ್ತಿಲ್ಲ” ಅಂದರು. ಮೊಮ್ಮಗ ಅದನ್ನು ಕಸಿದುಕೊಂಡು ತಲೆಕೆಳಗು ಮಾಡಿ ಊದಿದ. ಚೆಂಡುಗಳು ಟಕಟಕ ಎದ್ದವು. ಹುಡುಗನಿಗೆ ಖುಷಿ, ಅಜ್ಜನಿಗೆ ಅವಮಾನ.

“ಊದೋದಲ್ಲ ಮಾವ, ಒಳಕ್ಕೆ ಎಳೀಬೇಕು.”

“ಬೀಡಿ ಎಳ್ದಂಗಾ?”

“ಹೂಂ, ಹಂಗೇ. ಆದ್ರೆ ನಿಧಾನಕ್ಕೆ.”

ಮೊದಲ ಚೆಂಡು ಎದ್ದಿತು. ಆಪರೇಷನ್‌ಗೆ ಎರಡು ತಿಂಗಳ ಮುಂಚೆ ಬಿಟ್ಟ ಬೀಡಿ ಹೀಗೆ ಒಂದು ಉಪಕಾರ ಮಾಡಿತು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಗಂಟೆಗೆ ಹತ್ತು ಸಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹೇಗೆ ಎಂದು ತೋರಿಸಿದ್ದೇನೋ ನಿಜ. ಆದರೆ ತೋರಿಸಿದ್ದು ಆಪರೇಷನ್ ಆದ ಮರುದಿನ, ಅರಿವಳಿಕೆಯ ಮಂಪರಿನಲ್ಲಿ, ಎದೆಯಿಂದ ಎರಡು ಕೊಳವೆ ಇಳಿಬಿದ್ದಿದ್ದಾಗ. ಆ ಹೊತ್ತಿನಲ್ಲಿ ಹೇಳಿದ್ದು ಯಾರ ತಲೆಗೆ ಹೋದೀತು?

ಈ ಚೆಂಡಿನಿಂದ ನಿಜಕ್ಕೂ ಉಪಯೋಗ ಉಂಟೇ ಎಂದು ವೈದ್ಯಲೋಕ ಐವತ್ತು ವರ್ಷಗಳಿಂದ ಜಗಳವಾಡುತ್ತಿದೆ. ಹೃದಯಕ್ಕೆ ಕತ್ತಿ ಹಾಕಿದ ಮೇಲೆ ಶ್ವಾಸಕೋಶ ಕೆಡದಂತೆ ಕಾಯುವುದು ಹೇಗೆ ಎಂಬ ದೊಡ್ಡ ಪ್ರಶ್ನೆಯ ಒಂದು ತುಂಡು ಅದು. ಆ ಪ್ರಶ್ನೆಯ ಸುತ್ತ ಒಂದು ಸುತ್ತು ಹಾಕಿ ಬರುವುದು ಈ ಲೇಖನದ ಉದ್ದೇಶ.

ರಿಪೇರಿ ಹೃದಯಕ್ಕೆ, ಪೆಟ್ಟು ಶ್ವಾಸಕೋಶಕ್ಕೆ

ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ತಿರುಗಿಸಿದ ಮೇಲೆ ಶ್ವಾಸಕೋಶಕ್ಕೆ ಕೆಲಸವಿಲ್ಲ. ಗಾಳಿ ಹೋಗುವುದು ನಿಲ್ಲುತ್ತದೆ, ಅದು ಕುಗ್ಗಿ ಕೂರುತ್ತದೆ. ಅರಿವಳಿಕೆಯಲ್ಲಿ ಅಂಗಾತ ಮಲಗಿದವರ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಸರಿದು ಶ್ವಾಸಕೋಶದ ತಳಭಾಗವನ್ನು ಒತ್ತಿರುತ್ತದೆ. ಬೈಪಾಸ್‌ಗೆ ಎದೆಯ ಒಳಗೋಡೆಯ ಎಡಗಡೆಯ ರಕ್ತನಾಳವನ್ನು ಬಿಡಿಸಿಕೊಳ್ಳುವುದು ವಾಡಿಕೆ. ಆಗ ಎಡ ಶ್ವಾಸಕೋಶದ ಹೊದಿಕೆ ಎಷ್ಟೋ ಸಲ ತೆರೆದುಕೊಂಡು ಅಲ್ಲಿ ನೀರು ತುಂಬುತ್ತದೆ. ಹೃದಯವನ್ನು ತಂಪಾಗಿಡಲು ಸುತ್ತ ಹಿಮದ ಪುಡಿ ಹಾಕಿದರೆ ಪಕ್ಕದಲ್ಲೇ ಹಾದುಹೋಗುವ ವಪೆಯ ನರ ಮರಗಟ್ಟುವುದುಂಟು. ಎಚ್ಚರವಾದ ಮೇಲೆ ನೋವು. ನೋವಿರುವವರು ಮೇಲುಸಿರಲ್ಲೇ ದಿನ ದೂಡುತ್ತಾರೆ, ಕೆಮ್ಮನ್ನು ನುಂಗುತ್ತಾರೆ. ಹೃದಯದ ಆಪರೇಷನ್ ಆದವರ ಎಕ್ಸ್-ರೇಯಲ್ಲಿ ಎಡಗಡೆ ಕೆಳಗಿನ ಭಾಗ ಬೆಳ್ಳಗೆ ಕಾಣುವುದು ಅಷ್ಟು ಸಾಮಾನ್ಯವಾಗಿರುವುದಕ್ಕೆ ಇವೆಲ್ಲ ಸೇರಿ ಕಾರಣ.

ಬೆಳ್ಳಗೆ ಕಾಣುವ ಆ ಜಾಗದಲ್ಲಿ ಗಾಳಿಗೂಡುಗಳು ಮುಚ್ಚಿಕೊಂಡಿರುತ್ತವೆ. ಒದ್ದೆಯಾದ ರೇಷ್ಮೆಸೀರೆಯ ಮಡಿಕೆ ಒಂದಕ್ಕೊಂದು ಅಂಟಿದ ಹಾಗೆ. ಒಮ್ಮೆ ಅಂಟಿದರೆ ಬಿಡಿಸಲು ಎಳೆತ ಬೇಕು. ಗಾಳಿಯಾಡದ ಜಾಗದಲ್ಲಿ ಕಫ ನಿಲ್ಲುತ್ತದೆ, ಕಫ ನಿಂತಲ್ಲಿ ಸೋಂಕು ಬರಬಹುದು. “ಬರಬಹುದು” ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ. ಎಕ್ಸ್-ರೇಯ ಬಿಳಿ ಕಲೆಗಳೆಲ್ಲ ನಿಮೋನಿಯಾ ಆಗುವುದಿಲ್ಲ. ಹೆಚ್ಚಿನವು ತಾವಾಗಿಯೇ ಕರಗುತ್ತವೆ. ಮುಂದಿನ ಜಗಳದ ಅರ್ಧ ಪಾಲು ಹುಟ್ಟುವುದು ಇಲ್ಲೇ.

ಆರೋಗ್ಯವಂತರು ತಮಗೆ ಗೊತ್ತಿಲ್ಲದೆಯೇ ಗಂಟೆಗೆ ಒಂಬತ್ತು-ಹತ್ತು ಸಲ ನಿಟ್ಟುಸಿರು ಬಿಡುತ್ತಾರೆ ಎಂದು ಬೆಂಡಿಕ್ಸನ್ ಎಂಬ ಅರಿವಳಿಕೆ ತಜ್ಞರ ತಂಡ 1960ರ ದಶಕದಲ್ಲಿ ಎಣಿಸಿ ಹೇಳಿತು. ನಿಟ್ಟುಸಿರು ದುಃಖದ ಗುರುತು ಮಾತ್ರವಲ್ಲ, ಶ್ವಾಸಕೋಶದ ಮಡಿಕೆ ಬಿಡಿಸುವ ಏರ್ಪಾಡು. ಆಪರೇಷನ್ ಆದವರಲ್ಲಿ ಅದು ನಿಂತುಹೋಗಿರುತ್ತದೆ. ಚೀಟಿಯ ಮೇಲಿನ “ಗಂಟೆಗೆ ಹತ್ತು ಸಲ” ಆ ಎಣಿಕೆಗೆ ಎಷ್ಟು ಹತ್ತಿರವಿದೆ ನೋಡಿ.

ಮದ್ದುಗುಂಡಿನ ಗಾಯದಿಂದ ಚೆಂಡಿನವರೆಗೆ

ಆಪರೇಷನ್ ನಂತರ ಶ್ವಾಸಕೋಶ ಕುಸಿಯುತ್ತದೆಂದು ಸ್ಪಷ್ಟವಾಗಿ ಬರೆದವರಲ್ಲಿ ಮೊದಲಿಗರು ಲಂಡನ್ನಿನ ವಿಲಿಯಂ ಪಾಶ್ಚರ್ (ಹುಚ್ಚುನಾಯಿ ಲಸಿಕೆಯ ಲೂಯಿ ಪಾಶ್ಚರ್ ಅಲ್ಲ). 1908 ಮತ್ತು 1910ರಲ್ಲಿ ಅವರು, ವಪೆ ಸರಿಯಾಗಿ ಆಡದಿರುವುದೇ ಇದರ ಮೂಲ ಎಂದರು. 1915ರಲ್ಲಿ ಮ್ಯಾಕ್‌ಮಹಾನ್ ಎಂಬುವರು, ಯುದ್ಧದಲ್ಲಿ ಎದೆಗೆ ಗುಂಡು ತಗುಲಿದ ಸೈನಿಕರಿಗೆ ಉಸಿರಾಟದ ಕಸರತ್ತು ಕಲಿಸಿದ ಬಗೆಯನ್ನು ಪ್ರಕಟಿಸಿದರು. 1930ರ ದಶಕದಲ್ಲಿ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ವಿನಿಫ್ರೆಡ್ ಲಿಂಟನ್ ಪಕ್ಕೆಯ ಮೇಲೆ ಕೈಯಿಟ್ಟು “ಇಲ್ಲಿಗೆ ಗಾಳಿ ತನ್ನಿ” ಎನ್ನುವ ಪದ್ಧತಿಯನ್ನು ಗಟ್ಟಿ ಮಾಡಿದರು. ಇಂದಿಗೂ ಫಿಸಿಯೋಥೆರಪಿಯವರು ಪಕ್ಕೆಗೆ ಅಂಗೈ ಒತ್ತಿ ಹೇಳುವ ಮಾತು ಅದೇ.

1954ರಲ್ಲಿ ಸ್ವೀಡನ್ನಿನ ತೋರೆನ್ ಪಿತ್ತಕೋಶದ ಆಪರೇಷನ್ ಆದವರನ್ನು ಮೂರು ಗುಂಪು ಮಾಡಿದರು. ಏನೂ ಕಲಿಸದವರಲ್ಲಿ ತೊಂದರೆ ಅತಿ ಹೆಚ್ಚು, ಆಪರೇಷನ್ ನಂತರ ಕಲಿಸಿದವರಲ್ಲಿ ಕಡಿಮೆ, ಮುಂಚೆಯೇ ಕಲಿಸಿ ಆಮೇಲೂ ಮಾಡಿಸಿದವರಲ್ಲಿ ಎಲ್ಲಕ್ಕಿಂತ ಕಡಿಮೆ. ಇದರಲ್ಲಿ “ಕಲಿಸಿದರೆ ಒಳ್ಳೆಯದು” ಎಂಬಷ್ಟನ್ನೇ ಎಲ್ಲರೂ ಎತ್ತಿಕೊಂಡರು. “ಮುಂಚೆಯೇ” ಎಂಬ ಮಾತು ಐವತ್ತು ವರ್ಷ ಮೂಲೆಗೆ ಬಿತ್ತು.

ಅದರ ಹಿಂದಿನ ವರ್ಷವಷ್ಟೇ, 1953ರ ಮೇ 6ರಂದು, ಅಮೆರಿಕದ ಜಾನ್ ಗಿಬ್ಬನ್ ತಮ್ಮ ಹೃದಯ-ಶ್ವಾಸಕೋಶ ಯಂತ್ರ ಬಳಸಿ ಒಬ್ಬ ಯುವತಿಯ ಹೃದಯದ ತೂತು ಮುಚ್ಚಿದ್ದರು. ಮುಂದೆ ಅಂಥ ಆಪರೇಷನ್‌ಗಳು ಹೆಚ್ಚಿದಂತೆ ಶ್ವಾಸಕೋಶದ ತೊಂದರೆಗಳೂ ಹೆಚ್ಚಿದವು. ಒತ್ತಡದಿಂದ ಗಾಳಿ ತುಂಬುವ ಯಂತ್ರಗಳು ಎರಡು ದಶಕ ಮೆರೆದು, ಉಸಿರಾಟ ಚಿಕಿತ್ಸೆ ಕುರಿತ 1974ರ ಶುಗರ್‌ಲೋಫ್ ಸಮಾವೇಶದಲ್ಲಿ ಪುರಾವೆ ಎಲ್ಲಿ ಎಂಬ ಪ್ರಶ್ನೆ ಎದ್ದ ಮೇಲೆ ಮಸುಕಾದವು. ಆ ಜಾಗಕ್ಕೆ ಚೆಂಡು ಬಂತು.

ಎಳೆಯುವವರ ಪಕ್ಷ

ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಬಾರ್ಟ್ಲೆಟ್ 1973ರಲ್ಲಿ ಒಂದು ಸರಳ ವಾದ ಮಂಡಿಸಿದರು. ಅಂದಿನ ಆಸ್ಪತ್ರೆಗಳಲ್ಲಿ ರೋಗಿಗಳಿಂದ ನೀರಿನ ಬಾಟಲಿಗೆ ಊದಿಸುತ್ತಿದ್ದರು. ಊದುವುದರಿಂದ ಗಾಳಿಗೂಡು ತೆರೆಯುವುದಿಲ್ಲ, ತೆರೆಯುವುದು ಆಕಳಿಕೆಯಂಥ ಆಳವಾದ ಒಳಉಸಿರು. ಆದ್ದರಿಂದ ಆಕಳಿಸುವಂತೆ ಮಾಡಿ, ಮಾಡಿದ್ದು ಕಣ್ಣಿಗೆ ಕಾಣುವಂತೆ ಮಾಡಿ. ಇದರ ಸಾಧನವೇ ಇನ್ಸೆಂಟಿವ್ ಸ್ಪೈರೋಮೀಟರ್. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಅಗ್ಗದ ಮೂರು ಚೆಂಡಿನ ಮಾದರಿಯ ಮೇಲೆ 600, 900, 1200 ಎಂದು ಅಚ್ಚಾಗಿರುತ್ತದೆ. ಅದು ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಎಂಬ ವೇಗದ ಲೆಕ್ಕ, ಒಳಹೋದ ಗಾಳಿಯ ಲೆಕ್ಕವಲ್ಲ. ಮೂರೂ ಚೆಂಡನ್ನು ಒಂದೇ ಜಗ್ಗಿಗೆ ಎಬ್ಬಿಸಿ ಗೆದ್ದೆ ಎನ್ನುವವರಿಗಿಂತ, ಒಂದೋ ಎರಡೋ ಚೆಂಡನ್ನು ನಿಧಾನವಾಗಿ ಎಬ್ಬಿಸಿ ಮೂರು ಸೆಕೆಂಡು ನಿಲ್ಲಿಸುವವರ ಶ್ವಾಸಕೋಶ ಚೆನ್ನಾಗಿ ತೆರೆದುಕೊಳ್ಳುತ್ತದೆ. ಇಷ್ಟು ಗೊತ್ತಿದ್ದೂ ಮಾವನಿಗೆ ಮೂರನೇ ಚೆಂಡಿನ ಹಟ ಬಿಡಿಸಲು ನನ್ನಿಂದಾಗಿಲ್ಲ.

ಬಾಟಲಿಯ ಪಕ್ಷದವರೂ ಸುಮ್ಮನಾಗಲಿಲ್ಲ. ಆಳವಾಗಿ ಎಳೆದು, ಆಮೇಲೆ ನೀರಿನೊಳಗೆ ಇಳಿಬಿಟ್ಟ ಕೊಳವೆಗೆ ಮೆಲ್ಲಗೆ ಊದಿದರೆ ಹಿಂದೊತ್ತಡದಿಂದ ಗಾಳಿದಾರಿಗಳು ಮುಚ್ಚದೆ ಉಳಿಯುತ್ತವೆ ಎಂಬುದು ಅವರ ತಿದ್ದಿದ ವಾದ. ಸ್ವೀಡನ್ನಿನ ಎಲಿಸಬೆತ್ ವೆಸ್ಟರ್‌ಡಾಲ್ 2005ರಲ್ಲಿ ಬೈಪಾಸ್ ಆದ 90 ಜನರಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧ ಜನ ಎಚ್ಚರವಿದ್ದ ಪ್ರತಿ ಗಂಟೆಗೆ 30 ಆಳ ಉಸಿರು ತೆಗೆದು ಹೀಗೆ ಬಿಟ್ಟರು. ಉಳಿದವರು ಯಾವ ಉಸಿರಾಟದ ವ್ಯಾಯಾಮವನ್ನೂ ಮಾಡಲಿಲ್ಲ. ನಾಲ್ಕನೇ ದಿನದ ಸಿಟಿ ಸ್ಕ್ಯಾನಿನಲ್ಲಿ ಮಾಡಿದವರ ಕುಸಿದ ಭಾಗ ಮಾಡದವರದರ ಸುಮಾರು ಅರ್ಧದಷ್ಟಿತ್ತು. ವ್ಯಾಯಾಮದ ಪಕ್ಷಕ್ಕೆ ಇದು ದೊಡ್ಡ ಗೆಲುವು. ಆದರೆ ಅದೇ ವರದಿಯಲ್ಲಿ ಜ್ವರದಲ್ಲಾಗಲಿ, ಆಸ್ಪತ್ರೆಯಲ್ಲಿದ್ದ ದಿನಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಸ್ಕ್ಯಾನಿಗೆ ಹಿತವಾದದ್ದು ರೋಗಿಗೂ ಹಿತವೇ ಎಂಬ ಪ್ರಶ್ನೆ ಹಾಗೇ ಉಳಿಯಿತು.

“ಎಬ್ಬಿಸಿ, ನಡೆಸಿ, ಸಾಕು”

ಎದುರು ಪಕ್ಷ ಕಡಿಮೆ ಮಾತಿನದು, ಗಟ್ಟಿ ಲೆಕ್ಕದ್ದು. 1989ರಲ್ಲಿ ಸೂ ಜೆಂಕಿನ್ಸ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಬೈಪಾಸ್ ಆದ 110 ಗಂಡಸರನ್ನು ನೋಡಿದರು. ಕೆಲವರಿಗೆ ಉಸಿರಾಟದ ವ್ಯಾಯಾಮ, ಕೆಲವರಿಗೆ ಸ್ಪೈರೋಮೀಟರ್, ಮಿಕ್ಕವರಿಗೆ ಬೇಗ ಎಬ್ಬಿಸಿ ಓಡಾಡಿಸುವುದು ಮತ್ತು ಕೆಮ್ಮಿಸುವುದು ಮಾತ್ರ. ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. 1994ರಲ್ಲಿ ಆಸ್ಟ್ರೇಲಿಯಾದ ಕ್ಯಾಥಿ ಸ್ಟಿಲ್ಲರ್ 120 ಜನರಲ್ಲಿ ಅದನ್ನೇ ಕಂಡರು. 2003ರಲ್ಲಿ ಬ್ರಾಶರ್ ಅವರ ತಂಡ 230 ರೋಗಿಗಳಲ್ಲಿ ಅರ್ಧ ಜನರ ಆಳ ಉಸಿರಾಟವನ್ನೇ ಕೈಬಿಟ್ಟು ನೋಡಿತು. ಏನೂ ಕೆಡಲಿಲ್ಲ. ಅದೇ ವರ್ಷ ಪಾಸ್ಕಿನಾ ಮತ್ತವರ ತಂಡ 18 ಪ್ರಯೋಗಗಳ 1457 ರೋಗಿಗಳ ಲೆಕ್ಕ ಕೂಡಿಸಿ, ಹೃದಯ ಶಸ್ತ್ರಚಿಕಿತ್ಸೆಯ ನಂತರ ಮುನ್ನೆಚ್ಚರಿಕೆಗೆಂದು ಮಾಡಿಸುವ ಈ ಉಪಚಾರದ ಪ್ರಯೋಜನ ಸಾಬೀತಾಗಿಲ್ಲ ಎಂದು ತೀರ್ಪಿತ್ತಿತು. ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯಲ್ಲೂ ಬೈಪಾಸ್ ನಂತರದ ಸ್ಪೈರೋಮೀಟರ್ ಪರ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ.

ಈ ಪಕ್ಷದ ವಿವರಣೆ ಸಲೀಸು. ನಿಂತರೆ ವಪೆ ಕೆಳಗಿಳಿಯುತ್ತದೆ, ನಾಲ್ಕು ಹೆಜ್ಜೆ ನಡೆದರೆ ಉಸಿರು ತಾನಾಗಿ ಆಳವಾಗುತ್ತದೆ. ಮಲಗಿಸಿಟ್ಟು ಚೆಂಡು ಕೊಡುವುದಕ್ಕಿಂತ ಮಂಚದಿಂದ ಇಳಿಸುವುದು ಮೇಲು. ಇದನ್ನು ನಾನು ಒಪ್ಪುತ್ತೇನೆ, ಒಂದು ತಕರಾರಿನ ಜೊತೆ. ಮೇಲಿನ ಹಲವು ಪ್ರಯೋಗಗಳಲ್ಲಿ “ವ್ಯಾಯಾಮವಿಲ್ಲದ” ಗುಂಪಿಗೂ ದಿನವೂ ಎಬ್ಬಿಸಿ ನಡೆಸುವ, ಕೆಮ್ಮಿಸುವ ಫಿಸಿಯೋಥೆರಪಿಸ್ಟ್ ಇದ್ದರು. ನಮ್ಮ ತುಂಬಿದ ವಾರ್ಡುಗಳಲ್ಲಿ ರೋಗಿಯನ್ನು ಎಬ್ಬಿಸುವವರು ಮನೆಯವರು, ಅವರಿಗೋ ಹೊಲಿಗೆ ಬಿಚ್ಚಿಕೊಂಡೀತೆಂಬ ಭಯ. “ಸುಮ್ಕೆ ಮಲಿಕ್ಕ, ಎದೆ ಕುಯ್ದವ್ರೆ” ಎನ್ನುವ ಪ್ರೀತಿಗಿಂತ ಶ್ವಾಸಕೋಶಕ್ಕೆ ದೊಡ್ಡ ಶತ್ರುವಿಲ್ಲ. ಎದೆಗೆ ದಿಂಬು ಅವಚಿಕೊಂಡು ಕೆಮ್ಮಿದರೆ ತಂತಿಯಲ್ಲಿ ಬಿಗಿದ ಮೂಳೆ ಬಾಯಿ ಬಿಡುವುದಿಲ್ಲ. ದಿಂಬಿಲ್ಲದಿದ್ದರೆ ಚಳ್ಳಕೆರೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದರೂ ನಡೆಯುತ್ತದೆ.

ಸ್ಪೈರೋಮೀಟರ್ ಪಕ್ಷದ ಮರುತ್ತರವೂ ಹಗುರವಲ್ಲ. ಸಾಧನ ಸೋತಿತೋ, ಅದನ್ನು ಯಾರೂ ಬಳಸದೆ ಹೋದರೋ? 2019ರಲ್ಲಿ ಎಲ್ಟೊರೈ ಮತ್ತು ಸಂಗಡಿಗರು ಬೈಪಾಸ್ ಆದ 160 ಜನರಲ್ಲಿ ಅರ್ಧದಷ್ಟು ಮಂದಿಯ ಸ್ಪೈರೋಮೀಟರಿಗೆ ನೆನಪಿನ ಗಂಟೆ ಕಟ್ಟಿದರು. ಗಂಟೆಯ ಸದ್ದು ಕೇಳಿದವರು ಹೆಚ್ಚು ಬಳಸಿದರು, ಅವರ ಶ್ವಾಸಕೋಶದ ಕುಸಿತ ಕಡಿಮೆಯಿತ್ತು, ಮನೆಗೂ ಬೇಗ ಹೋದರು. ಹಿಂದಿನ ಹಲವು ಪ್ರಯೋಗಗಳು ಮಂಚದ ಪಕ್ಕ ಧೂಳು ಹಿಡಿದು ಕೂತ ಚೆಂಡನ್ನೇ ಅಳೆದಿದ್ದವೇನೋ ಎಂಬ ಅನುಮಾನ ಇದರಿಂದ ಹುಟ್ಟಿತು.

ಇವೆರಡರ ನಡುವೆ ಮಾಸ್ಕ್ ಕಟ್ಟಿ ಒತ್ತಡದ ಗಾಳಿ ಕೊಡುವವರೂ ಇದ್ದಾರೆ. ಜರ್ಮನಿಯ ಜಾರ್ಬಾಕ್ ತಂಡ 2009ರಲ್ಲಿ 500 ಹೃದ್ರೋಗಿಗಳಲ್ಲಿ ಅದರ ಲಾಭ ತೋರಿಸಿತು. ಅದು ತೀವ್ರ ನಿಗಾ ಘಟಕದ ಮಾತು, ಮನೆಗೆ ಒಯ್ಯುವಂಥದ್ದಲ್ಲ.

ಕಾಯುವ ವಾರಗಳು

ಇಲ್ಲಿಯವರೆಗಿನ ಜಗಳವೆಲ್ಲ ಆಪರೇಷನ್ ಮುಗಿದ ಮೇಲಿನದು. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಿಂದ ಬಂದ ಒಂದು ವರದಿ ಪ್ರಶ್ನೆಯ ಜಾಗವನ್ನೇ ಬದಲಿಸಿತು. ಹುಲ್ಜೆಬೋಸ್ ತಂಡ ಶ್ವಾಸಕೋಶದ ಅಪಾಯ ಹೆಚ್ಚಿದ್ದ 279 ಬೈಪಾಸ್ ರೋಗಿಗಳನ್ನು ಆಯ್ದುಕೊಂಡು, ಅರ್ಧ ಜನರಿಗೆ ಆಪರೇಷನ್‌ಗೆ ಕನಿಷ್ಠ ಎರಡು ವಾರ ಮುಂಚಿನಿಂದ ದಿನಕ್ಕೆ ಇಪ್ಪತ್ತು ನಿಮಿಷ, ತಡೆಯೊಡ್ಡುವ ಸಣ್ಣ ಸಾಧನದ ಮೂಲಕ ಉಸಿರೆಳೆಯುವ ಅಭ್ಯಾಸ ಮಾಡಿಸಿತು. ಉಸಿರಿನ ಸ್ನಾಯುಗಳಿಗೆ ಗರಡಿಮನೆ ಎನ್ನಿ. ಮಾಡಿದವರಲ್ಲಿ ಶೇ. 18 ಮಂದಿಗೆ ಶ್ವಾಸಕೋಶದ ತೊಂದರೆಯಾಯಿತು, ಮಾಡದವರಲ್ಲಿ ಶೇ. 35 ಮಂದಿಗೆ. ನಿಮೋನಿಯಾ ಶೇ. 6.5 ಮತ್ತು ಶೇ. 16.1. ಇದು ಸ್ಕ್ಯಾನಿನ ಕಲೆಯ ಮಾತಲ್ಲ, ಕಾಯಿಲೆಯ ಮಾತು.

2018ರಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡಿನ ಬೋಡನ್ ತಂಡ ಇನ್ನೂ ಅಗ್ಗದ ದಾರಿ ತೋರಿಸಿತು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಹೋಗಲಿದ್ದ 441 ಜನರಲ್ಲಿ ಅರ್ಧ ಮಂದಿಗೆ ಮುಂಚೆಯೇ ಒಂದೇ ಒಂದು ಸಲ, ಅರ್ಧ ಗಂಟೆ, ಫಿಸಿಯೋಥೆರಪಿಸ್ಟ್ ಕೂತು ವಿಷಯ ತಿಳಿಸಿ ಉಸಿರಾಟ ಕಲಿಸಿದರು. ತೊಂದರೆ ಶೇ. 27ರಿಂದ ಶೇ. 12ಕ್ಕಿಳಿಯಿತು. ಹೃದಯಕ್ಕೆ ಇದನ್ನು ನೇರವಾಗಿ ಅನ್ವಯಿಸುವಂತಿಲ್ಲ, ನಿಜ. ಆದರೆ 1954ರ ತೋರೆನ್ ಹೇಳಿದ್ದೂ ಇದನ್ನೇ ಅಲ್ಲವೇ?

ಮೊಳಕಾಲ್ಮೂರಿನ ಮಟ್ಟಿಗೆ ಮುಂಚೆಯೇ ಕಲಿಸುವ ಈ ಪಕ್ಷವೇ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಎಣಿಕೆ. ಎದೆ ತೆರೆಯುವ ಆಪರೇಷನ್ ನಮ್ಮ ತಾಲ್ಲೂಕಿನಲ್ಲಿಲ್ಲ. ಜಯದೇವ ಹೃದ್ರೋಗ ಆಸ್ಪತ್ರೆಗೆಂದು ಬೆಂಗಳೂರಿಗೆ ಹೋದರೆ ಹಾನಗಲ್, ತಳುಕು, ಚಳ್ಳಕೆರೆ, ಹಿರಿಯೂರು ದಾಟಿ ಸುಮಾರು 250 ಕಿಲೋಮೀಟರ್. ಕೆಲವರು ದಾವಣಗೆರೆಗೆ, ಕೆಲವರು ಗಡಿ ದಾಟಿ ಪುಟ್ಟಪರ್ತಿಗೆ ಹೋಗುತ್ತಾರೆ. 2003ರ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಆರೋಗ್ಯ ಯೋಜನೆಗಳು ಬಂದ ಮೇಲೆ ನೇಯುವವರೂ ಕುರಿ ಕಾಯುವವರೂ ಆಪರೇಷನ್ ಮೇಜಿನ ಮೇಲೆ ಮಲಗುವುದು ಸಾಧ್ಯವಾಯಿತು. ಆಂಜಿಯೋಗ್ರಾಂ ಆದ ದಿನಕ್ಕೂ ಆಪರೇಷನ್ ದಿನಕ್ಕೂ ನಡುವೆ ಕಾಗದಪತ್ರ, ಮಂಜೂರಾತಿ, ಸರದಿ, ಹಲ್ಲಿನ ತಪಾಸಣೆ, ರಕ್ತ ಕೊಡುವವರನ್ನು ಹೊಂದಿಸುವ ಓಡಾಟ ಎಂದು ವಾರಗಳು ಹೋಗುತ್ತವೆ. ಮಾವ ಆ ವಾರಗಳನ್ನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು, ಬೆನ್ನು ಬಾಗಿಸಿ, ಮುಗಿಯದ ಸೀರೆಯ ಸೆರಗು ನೇಯುತ್ತ ಕಳೆದರು. ಯುಟ್ರೆಕ್ಟಿನವರು ಗರಡಿ ಮಾಡಿಸಿದ್ದು ಅಂಥ ವಾರಗಳಲ್ಲೇ. ಆಗ ಮಾವನ ತಲೆ ತಿಳಿಯಾಗಿತ್ತು, ನೋವಿರಲಿಲ್ಲ. ಊದುವುದೋ ಎಳೆಯುವುದೋ ಎಂಬ ಗೊಂದಲ ಹತ್ತು ನಿಮಿಷದಲ್ಲಿ ತೀರುತ್ತಿತ್ತು.

ಮುಚುಕುಂದಪುರದ ಉಸಿರು

ಇಷ್ಟೆಲ್ಲ ಹೇಳಿ ಪ್ರಾಣಾಯಾಮ ಬಿಟ್ಟರೆ ನಮ್ಮ ಜಿಲ್ಲೆಯವರು ಒಪ್ಪುವುದಿಲ್ಲ. ಆಧುನಿಕ ಯೋಗದ ದೊಡ್ಡ ಗುರು ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಮೈಸೂರು ಅರಮನೆಯ ಆಶ್ರಯದಲ್ಲಿ ಪಾಠ ಹೇಳಿದ ಅವರು ನಾಡಿಯನ್ನು ನಿಲ್ಲಿಸಬಲ್ಲರು ಎಂಬ ಖ್ಯಾತಿಯಿತ್ತು. ಯೋಗಿಗಳ ಹೃದಯಬಡಿತ ದಾಖಲಿಸಲು ಫ್ರಾನ್ಸಿನ ವೈದ್ಯೆ ತೆರೇಸ್ ಬ್ರೋಸ್ 1935ರಲ್ಲಿ ಯಂತ್ರ ಹೊತ್ತು ಭಾರತಕ್ಕೆ ಬಂದರು. 1961ರಲ್ಲಿ ವೆಂಗರ್, ಬಾಗ್ಚಿ ಮತ್ತು ಬಿ.ಕೆ. ಆನಂದ್ ಇಂಥ ಯೋಗಿಗಳನ್ನು ಮತ್ತೆ ಪರೀಕ್ಷಿಸಿ, ಹೃದಯ ನಿಂತಿರಲಿಲ್ಲ ಎಂದರು. ಉಸಿರು ಕಟ್ಟಿ ಮುಕ್ಕರಿದಾಗ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ, ನಾಡಿ ಕೈಗೆ ಸಿಗದಷ್ಟು ಸಣ್ಣದಾಗುತ್ತದೆ.

ನಮ್ಮ ಪ್ರಶ್ನೆಗೆ ಇದು ನೇರ ಬೇಕಾದ ಮಾತು. ಹೊಲಿದ ಹೃದಯದವರು ಮುಕ್ಕರಿದು ಕುಂಭಕ ಹಿಡಿಯಬಾರದು. ಭಸ್ತ್ರಿಕೆಯಂಥ ಜಗ್ಗಾಟವೂ ಆ ಮೊದಲ ವಾರಗಳಿಗಲ್ಲ. ಗಂಟಲು ಸಡಿಲ ಬಿಟ್ಟು ಮೂರು ಸೆಕೆಂಡು ತಡೆಯುವುದೇ ಬೇರೆ. ನಿಧಾನದ ಪೂರಕ (ಉಸಿರೆಳೆಯುವುದು), ಭ್ರಾಮರಿಯ ಉದ್ದನೆಯ ಝೇಂಕಾರದ ರೇಚಕ (ಉಸಿರು ಬಿಡುವುದು) ಇವು ಬಾಟಲಿಗೆ ಊದುವವರ ತತ್ತ್ವಕ್ಕೆ ತುಂಬ ಹತ್ತಿರ. ಬೆಂಗಳೂರಿನಲ್ಲಿ ಬೈಪಾಸ್ ಆದವರಿಗೆ ವರ್ಷವಿಡೀ ಯೋಗ ಕಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ. ಅದು ಅಳೆದದ್ದು ಹೃದಯದ ಶಕ್ತಿ, ಕೊಬ್ಬು, ಮನಸ್ಸಿನ ನೆಮ್ಮದಿ. ಮೊದಲ ವಾರದ ನಿಮೋನಿಯಾವನ್ನು ಯೋಗ ತಡೆಯುತ್ತದೆ ಎನ್ನಲು ಅದನ್ನು ಸಾಕ್ಷಿಗೆ ಕರೆಯುವಂತಿಲ್ಲ. ನಮ್ಮವರು ಕರೆಯುತ್ತಾರೆ, ಅದು ಬೇರೆ ಮಾತು.

ತೀರದ ತಕರಾರುಗಳು

ಮೊದಲನೆಯದು, ತೊಂದರೆ ಎಂದರೆ ಏನು ಎಂಬುದೇ. ಒಂದು ಪ್ರಯೋಗಕ್ಕೆ ಎಕ್ಸ್-ರೇಯ ಕಲೆ ಸಾಕು, ಇನ್ನೊಂದಕ್ಕೆ ಜ್ವರ, ಕಫ, ಬಿಳಿರಕ್ತಕಣ ಎಲ್ಲ ಬೇಕು. ಬೇರೆ ಬೇರೆ ಗಜಕಡ್ಡಿಯಲ್ಲಿ ಅಳೆದ ಬಟ್ಟೆಯನ್ನು ಕೂಡಿಸಿ ಲೆಕ್ಕ ಹಾಕಿದ ಹಾಗಾಗಿದೆ.

ಎರಡನೆಯದು, ಯಾರಿಗೆ. ಎಲ್ಲರಿಗೂ ಮಾಡಿಸಿದಾಗ ಲಾಭ ಕಾಣದಿದ್ದದ್ದು, ಅಪಾಯವಿದ್ದವರನ್ನು ಮಾತ್ರ ಆರಿಸಿದಾಗ ಕಂಡಿತು. ನಮ್ಮ ಕಡೆ ಅಪಾಯವಿರುವವರು ಯಾರು? ಬೀಡಿ ಸೇದುವ ಗಂಡಸರನ್ನು ಗುರುತಿಸುವುದು ಸುಲಭ. ಬೀಡಿ ಮುಟ್ಟದೆ ಸೌದೆ ಒಲೆಯ ಹೊಗೆಯಲ್ಲಿ ಬೆಂದ ಹೆಂಗಸರು, ಚಳ್ಳಕೆರೆಯ ಶೇಂಗಾ ಮಿಲ್ಲುಗಳ ಹೊಟ್ಟಿನ ಧೂಳು ಕುಡಿದವರು ಆಸ್ಪತ್ರೆಯ ಫಾರಂನಲ್ಲಿ “ಧೂಮಪಾನ: ಇಲ್ಲ” ಎಂಬ ಕಲಮಿನಡಿ ಸುಮ್ಮನೆ ಹಾದುಹೋಗುತ್ತಾರೆ. ಮೇಲೆ ಹೆಸರಿಸಿದ ಹೃದಯದ ಪ್ರಯೋಗಗಳಲ್ಲಿ ಬಹುಪಾಲು ಬೈಪಾಸ್ ರೋಗಿಗಳವು, ಅದರಲ್ಲೂ ವಯಸ್ಸಾದ ಗಂಡಸರೇ ಹೆಚ್ಚು. ಬಾಲ್ಯದ ಕೀಲುಜ್ವರದಿಂದ ಕವಾಟ ಕೆಟ್ಟು, ಶ್ವಾಸಕೋಶದಲ್ಲಿ ಮೊದಲೇ ರಕ್ತ ಒತ್ತರಿಸಿಕೊಂಡಿರುವ ಎಳೆಯ ಹೆಣ್ಣುಮಕ್ಕಳು ಬಡವರ ಊರುಗಳ ರೋಗಿಗಳು. ಅವರ ಶ್ವಾಸಕೋಶ ಬೇರೆ ಬಗೆಯದು. ಯುಟ್ರೆಕ್ಟಿನ ಅಂಕಿಗಳು ಅವರಿಗೆ ಎಷ್ಟು ಹೊಂದುತ್ತವೆ?

ಪ್ರಮಾಣದ ಪ್ರಶ್ನೆಯೂ ಇದೆ. ಗಂಟೆಗೆ ಹತ್ತೋ ಮೂವತ್ತೋ, ಎರಡು ವಾರವೋ ಅರ್ಧ ಗಂಟೆಯೋ. ಸ್ನಾಯು ಗಟ್ಟಿಯಾದದ್ದರಿಂದ ಲಾಭವೋ, ವಿಷಯ ತಿಳಿದು ಭಯ ಕಳೆದದ್ದರಿಂದ ಲಾಭವೋ. ಬೋಡನ್ ಅವರ ಅರ್ಧ ಗಂಟೆಯಲ್ಲಿ ಸ್ನಾಯು ಬೆಳೆದಿರಲಾರದು.

ಕೊನೆಗೆ, ಕಲಿಸುವವರು ಯಾರು. ಎದೆನೋವು ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಿಂದಲೇ ದೂರದ ಹೃದಯತಜ್ಞರಿಗೆ ತೋರಿಸುವ ಏರ್ಪಾಡು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಗಿದೆ. ಅದೇ ಜಾಲದಲ್ಲಿ ಆಪರೇಷನ್‌ಗೆ ಕಾಯುತ್ತಿರುವವರಿಗೆ ಕನ್ನಡದಲ್ಲಿ ಅರ್ಧ ಗಂಟೆ ಉಸಿರಾಟ ಕಲಿಸಲು ಆಗುತ್ತದೆಯೇ, ಆಶಾ ಕಾರ್ಯಕರ್ತೆ ಕಲಿಸಿದರೆ ಫಿಸಿಯೋಥೆರಪಿಸ್ಟ್ ಕಲಿಸಿದಷ್ಟೇ ಫಲ ಸಿಗುತ್ತದೆಯೇ ಎಂಬುದನ್ನು ಇಲ್ಲೇ ಪರೀಕ್ಷಿಸಿ ನೋಡಬೇಕು.

ಮಾವ ಈಗ ಮಗ್ಗಕ್ಕಿಳಿದಿದ್ದಾರೆ, ದಿನಕ್ಕೆ ಎರಡು ತಾಸು. ಎರಡನೇ ಚೆಂಡು ಏಳುತ್ತದೆ. “ಮೂರ್ನೇದು ಏಳ್ಲಿಲ್ಲ ಅಂದ್ರೆ ಏನಾಗ್ತೈತೆ?” ಎಂದು ಮೊನ್ನೆ ಕೇಳಿದರು. ಏನೂ ಆಗಲ್ಲ ಮಾವ, ಅಂದೆ.